ಕಾರಿನ ಗೀರು ಎಷ್ಟು ಆಳ, ಹಚ್ಚಿದ ಬಣ್ಣ ಏಕೆ ನಿಲ್ಲುತ್ತಿಲ್ಲ: ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಕಾರಿನ ಮೇಲೆ ಹೊಸ ಗೀರು ಕಂಡ ದಿನವೇ ಬಹಳ ಮಂದಿ ಟಚ್‌ಅಪ್ ಬಾಟಲಿ (ಗೀರಿಗೆ ಹಚ್ಚುವ ಬಣ್ಣದ ಪುಟ್ಟ ಬಾಟಲಿ) ತಂದು, ಅದರ ಮುಚ್ಚಳಕ್ಕೆ ಅಂಟಿಸಿರುವ ಕುಂಚದಿಂದಲೇ ಬಳಿದುಬಿಡುತ್ತಾರೆ. ಆರು ತಿಂಗಳಲ್ಲಿ ಅದು ಸಿಪ್ಪೆಯಾಗಿ ಏಳುತ್ತದೆ, ಇಲ್ಲವೇ ಕಂಬಳಿಹುಳು ಕೂತಂತೆ ಉಬ್ಬಿ ಕಾಣುತ್ತದೆ. ಆಗ ಬೈಗುಳ ಬೀಳುವುದು ಬಾಟಲಿಗೆ. ಉಡುಪಿಯ ಉಪ್ಪುಗಾಳಿಯಲ್ಲಿ ಹದಿನಾಲ್ಕು ವರ್ಷಗಳಿಂದ ಒಂದೇ ಕಾರನ್ನು ಕಾಪಾಡಿಕೊಂಡು ಬಂದ ನನ್ನ ಅನುಭವದಲ್ಲಿ ಬಣ್ಣದ ತಪ್ಪು ಇರುವುದು ಅಪರೂಪ. ಗೀರು ಯಾವ ಪದರದವರೆಗೆ ಇಳಿದಿದೆ ಎಂದು ನೋಡದೆ ಕೈ ಹಾಕಿದ್ದು, ಜಿಡ್ಡು ಮತ್ತು ತೇವ ಹೋಗುವ ಮೊದಲೇ ಬಳಿದದ್ದು, ಗಟ್ಟಿಯಾಗುವ ಮೊದಲೇ ಉಜ್ಜಿದ್ದು: ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿ.

ಕಾರ್ಖಾನೆಯಿಂದ ಬರುವ ಕಾರಿನ ಮೈಗೆ ಸಾಮಾನ್ಯವಾಗಿ ನಾಲ್ಕು ಪದರಗಳಿರುತ್ತವೆ. ಉಕ್ಕಿನ ತಗಡಿಗೆ ಅಂಟಿಕೊಂಡು ತುಕ್ಕು ತಡೆಯುವ ಪದರ; ಇಡೀ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹಾಯಿಸಿ ಅದನ್ನು ಕೂರಿಸುತ್ತಾರೆ. ಅದರ ಮೇಲೆ ಬೂದು ಅಥವಾ ಬಿಳಿ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಹೊಳಪು ಕೊಡುವ ಪಾರದರ್ಶಕ ಕ್ಲಿಯರ್ ಕೋಟ್. ಎಲ್ಲ ಸೇರಿದರೂ ದಪ್ಪ ಸುಮಾರು 100ರಿಂದ 150 ಮೈಕ್ರಾನ್, ಅಂದರೆ ಜೆರಾಕ್ಸ್ ಕಾಗದದ ಒಂದು ಹಾಳೆಗಿಂತ ತುಸು ಹೆಚ್ಚು. ಕ್ಲಿಯರ್ ಕೋಟ್ ಅದರಲ್ಲಿ 35ರಿಂದ 50 ಮೈಕ್ರಾನ್. ಬಣ್ಣದ ಪದರ ಇನ್ನೂ ತೆಳು. ಪಾಲಿಶ್ ಮಾಡುವಾಗ ನೀವು ಸವೆಸುವುದು ಈ ತೆಳು ಹೊದಿಕೆಯನ್ನೇ. ಸವೆದದ್ದು ಮರಳಿ ಬೆಳೆಯುವುದಿಲ್ಲವಾದ್ದರಿಂದ ಯಾವಾಗಲೂ ಕಡಿಮೆ ಕೆರೆಯುವ ಉಪಾಯದಿಂದ ಶುರುಮಾಡಬೇಕು.

ಮೊದಲು ತೊಳೆಯಿರಿ, ಆಮೇಲೆ ಮೂರು ಪರೀಕ್ಷೆ

ಗೀರು ಕಂಡೊಡನೆ ಅಂಗಿಯ ತೋಳಿನಿಂದಲೋ ಕರವಸ್ತ್ರದಿಂದಲೋ ಒರೆಸಬೇಡಿ. ಅಲ್ಲಿರುವ ಮಣ್ಣಿನ ಕಣಗಳೇ ಇನ್ನಷ್ಟು ಗೀರು ಎಳೆಯುತ್ತವೆ. ಧಾರಾಳವಾಗಿ ನೀರು ಬಿಟ್ಟು, ಕಾರ್ ಶಾಂಪೂವಿನಿಂದ ತೊಳೆದು, ನೆರಳಿನಲ್ಲಿ ಒಣಗಿಸಿ. ಗೀರೆಂದು ಗಾಬರಿಪಟ್ಟದ್ದು ಎಷ್ಟೋ ಸಲ ತೊಳೆದ ಮೇಲೆ ಇರುವುದೇ ಇಲ್ಲ.

ಉಳಿದಿದ್ದರೆ ಅದರ ಮೇಲೆ ಬೆರಳಿನಿಂದ ನೀರು ಸವರಿ. ನೀರಿರುವಷ್ಟು ಹೊತ್ತು ಗೀರು ಕಾಣದೆ, ಒಣಗಿದ ಮೇಲೆ ಮತ್ತೆ ಕಂಡರೆ ಅದು ಕ್ಲಿಯರ್ ಕೋಟಿನಲ್ಲೇ ನಿಂತಿದೆ. ನೀರು ಆ ತಗ್ಗನ್ನು ತುಂಬಿ ಬೆಳಕು ಚೆದುರುವುದನ್ನು ತಡೆಯುತ್ತದೆ, ಅಷ್ಟೆ. ಎರಡನೆಯದಾಗಿ, ಉಗುರನ್ನು ಗೀರಿಗೆ ಅಡ್ಡಲಾಗಿ, ಒತ್ತದೆ, ಎಳೆಯಿರಿ. ಉಗುರು ಜಾರಿಹೋದರೆ ಪಾಲಿಶ್‌ನಿಂದ ಸರಿಹೋಗುವ ಸಾಧ್ಯತೆ ಹೆಚ್ಚು, ಸಿಕ್ಕಿಕೊಂಡರೆ ಆಳವಾಗಿದೆ. ಮೂರನೆಯದು, ಹಗಲು ಬೆಳಕಿನಲ್ಲಿ ಗೀರಿನ ತಳದ ಬಣ್ಣ. ಕಾರಿನದೇ ಬಣ್ಣ ಕಂಡರೆ ಬಣ್ಣದ ಪದರ ಉಳಿದಿದೆ. ಬೂದು ಅಥವಾ ಮಾಸಲು ಬಿಳಿ ಕಂಡರೆ ಪ್ರೈಮರ್. ಹೊಳೆಯುವ ಲೋಹವೋ ಕಂದು ಗೆರೆಯೋ ಕಂಡರೆ ತಗಡು ಬಯಲಾಗಿದೆ, ತಡಮಾಡುವಂತಿಲ್ಲ.

ಈ ಮೂರಕ್ಕೂ ಖರ್ಚು ಸೊನ್ನೆ. ಮುಂದಿನದೆಲ್ಲ ಇವುಗಳ ಉತ್ತರದ ಮೇಲೆ ನಿಂತಿದೆ.

ಬೇರೆ ಬಣ್ಣದ ಪಟ್ಟಿ ಮೆತ್ತಿಕೊಂಡಿದೆ

ಕೆಂಪು ಕಾರಿನ ಮೇಲೆ ಬಿಳಿ ಪಟ್ಟೆ, ಬಿಳಿ ಕಾರಿನ ಮೇಲೆ ಗೇಟಿನ ಹಸಿರು. ಬೆರಳಾಡಿಸಿದರೆ ತಗ್ಗಿನ ಬದಲು ಉಬ್ಬು ಸಿಗುತ್ತದೆ. ಇದು ನಿಮ್ಮ ಕಾರಿನ ಬಣ್ಣ ಹೋದದ್ದಲ್ಲ, ಇನ್ನೊಂದರ ಬಣ್ಣ ಬಂದದ್ದು. ಮೆತ್ತನೆಯ ಬಟ್ಟೆಗೆ ಮಿನರಲ್ ಟರ್ಪೆಂಟೈನ್ ಸ್ವಲ್ಪ ತಾಗಿಸಿ ನಿಧಾನವಾಗಿ ಉಜ್ಜಿದರೆ ಬಹುಪಾಲು ಹೋಗುತ್ತದೆ. ಉಳಿದದ್ದು ಒಂದು ಚಿಟಿಕೆ ಪಾಲಿಶ್‌ಗೆ ಬಿಡುತ್ತದೆ. ಬಳಿಕ ಸೋಪುನೀರಿನಿಂದ ತೊಳೆಯಿರಿ. ಪೆಟ್ರೋಲ್ ಬಳಸಲೇಬೇಡಿ. ಅದರ ಆವಿ ನೆಲಮಟ್ಟದಲ್ಲಿ ಹರಡಿ ದೂರದ ಕಿಡಿಗೂ ಹೊತ್ತಿಕೊಳ್ಳುತ್ತದೆ.

ಬಿಸಿಲಿನಲ್ಲಿ ಮಾತ್ರ ಕಾಣುವ ಜೇಡರಬಲೆ

ನೆರಳಿನಲ್ಲಿ ಕಾರು ಚೆನ್ನಾಗಿದೆ. ಬಿಸಿಲು ಬಿದ್ದಾಗ ಬಾನೆಟ್ ಮೇಲೆ ಸೂರ್ಯನ ಪ್ರತಿಬಿಂಬದ ಸುತ್ತ ನೂರಾರು ಸಣ್ಣ ಗೆರೆಗಳು ವೃತ್ತಾಕಾರದಲ್ಲಿ ಹೊಳೆಯುತ್ತವೆ. ಕಪ್ಪು ಮತ್ತು ಕಡುನೀಲಿ ಕಾರುಗಳಲ್ಲಿ ಇದು ಎದ್ದು ಕಾಣುತ್ತದೆ.

ಕಾರಣ ಅಪಘಾತವಲ್ಲ, ದಿನಚರಿ. ಬೆಳಿಗ್ಗೆ ಒಂದು ಬಕೆಟ್ ನೀರು, ಒಂದೇ ಬಟ್ಟೆ, ಅದರಲ್ಲಿ ಹತ್ತು ಕಾರು. ಮೂರನೆಯ ಕಾರಿನ ಹೊತ್ತಿಗೆ ಬಕೆಟ್‌ನ ತಳದಲ್ಲಿ ಮರಳು ನಿಂತಿರುತ್ತದೆ; ನಾಲ್ಕನೆಯ ಕಾರಿಗೆ ಆ ಬಟ್ಟೆಯೇ ಉಪ್ಪುಕಾಗದ. ಇನ್ನೊಂದು ಕಾರಣವನ್ನು ಯಾರೂ ಅನುಮಾನಿಸುವುದಿಲ್ಲ: ಕಾರಿನ ಕವರ್. ಧೂಳು ಕೂತ ಮೈಮೇಲೆ ಕವರ್ ಹೊದಿಸಿದರೆ ಗಾಳಿಗೆ ಅದು ರಾತ್ರಿಯಿಡೀ ಹೊಡೆದುಕೊಂಡು ಅಂಚುಗಳನ್ನು ತಿಕ್ಕುತ್ತದೆ. ಕನ್ನಡಿಯ ಸುತ್ತ, ಬಾಗಿಲಿನ ಮೂಲೆಗಳಲ್ಲಿ ಮಂಕಾದ ಮಚ್ಚೆಗಳಿದ್ದರೆ ಕವರ್‌ನ ಮೇಲೆ ಅನುಮಾನಪಡಿ.

ಇಂಥ ಕಾರಿಗೆ ಪಾಲಿಶ್ ಮಾಡಿಸುವ ಮೊದಲು ತೊಳೆಯುವ ರೀತಿಯನ್ನು ಬದಲಿಸಬೇಕು, ಇಲ್ಲದಿದ್ದರೆ ಮೂರು ತಿಂಗಳಲ್ಲಿ ಬಲೆ ಮತ್ತೆ ಹೆಣೆದುಕೊಳ್ಳುತ್ತದೆ. ಎರಡು ಬಕೆಟ್ ಇಟ್ಟುಕೊಳ್ಳಿ, ಒಂದು ಶಾಂಪೂವಿಗೆ, ಇನ್ನೊಂದು ಬಟ್ಟೆ ಜಾಲಾಡಲು. ಮೇಲಿನಿಂದ ಕೆಳಕ್ಕೆ ತೊಳೆಯಿರಿ; ಚಕ್ರದ ಬಟ್ಟೆ ಬೇರೆಯೇ ಇರಲಿ. ಕಾರು ತೊಳೆಯುವವರು ಬೇರೆಯವರಾದರೆ ಅವರಿಗೆ ನಿಮ್ಮದೇ ಮೈಕ್ರೋಫೈಬರ್ ಬಟ್ಟೆ ಕೊಟ್ಟು, ನೀರಿಲ್ಲದ ದಿನ ಒರೆಸುವುದೇ ಬೇಡವೆಂದು ಹೇಳಿ. ಧೂಳು ಕೂತ ಕಾರು ಕೊಳೆಯಾಗಿ ಕಾಣುತ್ತದೆ, ಆದರೆ ಕೂತ ಧೂಳು ಗೀರುವುದಿಲ್ಲ, ಎಳೆದ ಧೂಳು ಗೀರುತ್ತದೆ.

ನೀರು ಹಾಕಿದರೆ ಮಾಯ, ಒಣಗಿದರೆ ಪ್ರತ್ಯಕ್ಷ

ಕ್ಲಿಯರ್ ಕೋಟಿನ ಗೀರು. ಮೊದಲು ಸೌಮ್ಯವಾದ ಫಿನಿಶಿಂಗ್ ಪಾಲಿಶ್ ತೆಗೆದುಕೊಂಡು, ಕಡಲೆಕಾಳಿನಷ್ಟು ಮಾತ್ರ ಸ್ಪಂಜಿಗೆ ಹಾಕಿ, ಅಂಗೈಯಗಲದ ಜಾಗದಲ್ಲಿ ಕೈಯಿಂದಲೇ ಉಜ್ಜಿ. ತಗಡು ಬಿಸಿಲಿಗೆ ಕಾದಿರಬಾರದು. ಪ್ರತಿ ನಿಮಿಷಕ್ಕೊಮ್ಮೆ ಒರೆಸಿ ನೋಡಿ. ಹೋಗದಿದ್ದರೆ ಮಾತ್ರ ಪಾಲಿಶ್‌ಗಿಂತ ಹೆಚ್ಚು ಸವೆಸುವ ರಬ್ಬಿಂಗ್ ಕಾಂಪೌಂಡ್. ಅದರ ನಂತರ ಮತ್ತೆ ಪಾಲಿಶ್, ಏಕೆಂದರೆ ಕಾಂಪೌಂಡ್ ತನ್ನದೇ ಮಬ್ಬು ಬಿಡುತ್ತದೆ.

ಉಜ್ಜುವಾಗ ಬಿಳಿ ಬಟ್ಟೆಯನ್ನೇ ಬಳಸಿ. ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ಕೈ ನಿಲ್ಲಿಸಬೇಕು. ಒಂದೋ ನಿಮ್ಮ ಕಾರಿಗೆ ಕ್ಲಿಯರ್ ಕೋಟೇ ಇಲ್ಲ, ಹಳೆಯ ಕಾರುಗಳ ಸಾದಾ ಬಣ್ಣಗಳಲ್ಲಿ ಹೀಗಿರುತ್ತದೆ. ಇಲ್ಲವೇ ಉಜ್ಜಿ ಉಜ್ಜಿ ಅದನ್ನು ದಾಟಿದ್ದೀರಿ. ಬಾಗಿಲಿನ ಅಂಚು, ಬಾನೆಟ್‌ನ ಏಣುಗಳಲ್ಲಿ ಬಣ್ಣ ಬೇಗ ಸವೆಯುತ್ತದೆ. ಅಲ್ಲಿ ಮಾಸ್ಕಿಂಗ್ ಟೇಪ್ ಅಂಟಿಸಿ ಕೆಲಸ ಮಾಡುವುದು ಒಳ್ಳೆಯದು.

ಟೂತ್‌ಪೇಸ್ಟ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದರಲ್ಲೂ ಸವೆಸುವ ಪುಡಿ ಇದೆ, ಹಾಗಾಗಿ ತೀರಾ ತೆಳು ಗೀರು ಮಸುಕಾಗಬಹುದು. ಆದರೆ ಆ ಪುಡಿಯನ್ನು ಹಲ್ಲಿಗೆಂದು ಮಾಡಿದ್ದಾರೆ, ಬಣ್ಣಕ್ಕಲ್ಲ. ಕೊಬ್ಬರಿ ಎಣ್ಣೆ ಮತ್ತು ವ್ಯಾಸಲೀನ್ ಇನ್ನೂ ಕೆಟ್ಟವು. ನೀರಿನಂತೆಯೇ ಅವು ತಗ್ಗನ್ನು ತುಂಬಿ ಎರಡು ದಿನ ಗೀರನ್ನು ಅಡಗಿಸುತ್ತವೆ. ಮುಂದೆ ಅಲ್ಲಿ ಬಣ್ಣ ಹಚ್ಚಬೇಕೆಂದರೆ ಆ ಜಿಡ್ಡು ಗೀರಿನ ತಳದಲ್ಲೇ ಕೂತಿರುತ್ತದೆ, ಬಣ್ಣ ಹಿಡಿಯುವುದಿಲ್ಲ.

ಗೀರಿನ ಬದಲು ಮಚ್ಚೆ ಇದ್ದರೆ ಅದು ಬೇರೆ ಕಥೆ. ಹಕ್ಕಿಯ ಹಿಕ್ಕೆ ಬಿಸಿಲಿಗೆ ಒಣಗಿದಾಗ ಕ್ಲಿಯರ್ ಕೋಟನ್ನು ತಿನ್ನುತ್ತದೆ. ಮಾವಿನ ಸೊನೆ, ಜೇನುನೊಣಗಳು ಉದುರಿಸುವ ಹಳದಿ ಹನಿಗಳನ್ನೂ ಬಿಡಬಾರದು. ಕೆರೆದು ತೆಗೆಯದೆ, ಒದ್ದೆ ಬಟ್ಟೆಯನ್ನು ಹತ್ತು ನಿಮಿಷ ಮೇಲಿಟ್ಟು ನೆನೆಸಿ ಎತ್ತಿ. ಬೋರ್‌ವೆಲ್ ನೀರಿನ ಬಿಳಿ ಉಂಗುರಗಳಿಗೆ ವಿನೆಗರ್‌ಗೆ ಸಮಪಾಲು ನೀರು ಬೆರೆಸಿ ಒರೆಸಿ, ಕೂಡಲೇ ತೊಳೆಯಿರಿ. ಆಯುಧಪೂಜೆಯ ಮರುದಿನ ಒದ್ದೆ ಕುಂಕುಮವನ್ನೂ ಹೂವಿನ ಹಾರದ ಟೇಪನ್ನೂ ತೆಗೆದುಬಿಡಿ. ವಾರಗಟ್ಟಲೆ ಬಿಸಿಲಿಗೆ ಬಿಟ್ಟ ಟೇಪಿನ ಅಂಟು ಗಟ್ಟಿಯಾಗಿ, ಅದನ್ನು ಕೀಳುವಾಗಲೇ ಹೊಸ ಗೀರುಗಳಾಗುತ್ತವೆ.

ಬಿಳಿ ಕಾರಿನ ಮೇಲೆ ಸಾಸಿವೆಗಿಂತ ಸಣ್ಣ ಕಂದು ಚುಕ್ಕೆಗಳು

ನೋಡಿದವರು ಕಾರಿಗೆ ತುಕ್ಕು ಹಿಡಿಯಿತೆಂದು ಹೆದರುತ್ತಾರೆ. ಹೆಚ್ಚಿನ ಸಲ ತುಕ್ಕು ಹಿಡಿದಿರುವುದು ಕಾರಿಗಲ್ಲ, ಅದರ ಮೇಲೆ ಬಿದ್ದ ಕಬ್ಬಿಣದ ಕಣಕ್ಕೆ. ರೈಲು ಹಳಿಯ ಪಕ್ಕ, ಗ್ರಿಲ್ ಕತ್ತರಿಸುವ ವೆಲ್ಡಿಂಗ್ ಅಂಗಡಿಯ ಎದುರು ನಿಲ್ಲಿಸುವ ಕಾರುಗಳಲ್ಲಿ ಇದು ಮಾಮೂಲು. ತೊಳೆದ ಮೇಲೆ ಕೈಗೆ ತೆಳು ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಸವರಿದರೆ ಮರಳಿನಂತೆ ಕಣಗಳು ತಾಗುತ್ತವೆ. ಕಬ್ಬಿಣದ ಕಣಗಳನ್ನು ಕರಗಿಸುವ ದ್ರಾವಣ ಸಿಗುತ್ತದೆ. ಸಿಂಪಡಿಸಿದಾಗ ಅದು ನೇರಳೆ ಬಣ್ಣಕ್ಕೆ ತಿರುಗಿದರೆ ನಿಮ್ಮ ಅನುಮಾನ ಸರಿ. ಉಳಿದದ್ದಕ್ಕೆ ಕ್ಲೇ ಬಾರ್, ಅಂದರೆ ಅಂಥ ಕಣಗಳನ್ನು ಎತ್ತಿ ತೆಗೆಯುವ ಜೇಡಿಮಣ್ಣಿನಂಥ ಮುದ್ದೆ. ಬಣ್ಣ ಹಚ್ಚುವ ಅಗತ್ಯವಿಲ್ಲ.

ಉಗುರು ಸಿಕ್ಕುತ್ತದೆ, ತಳ ಬೂದು ಬಣ್ಣ

ಟಚ್‌ಅಪ್ ಬೇಕಾಗಿರುವುದು ಇಲ್ಲಿ. ಬಣ್ಣದ ಹೆಸರಿನಿಂದ ಕೊಳ್ಳಬೇಡಿ, ಸಂಕೇತದಿಂದ ಕೊಳ್ಳಿ. ಚಾಲಕನ ಬಾಗಿಲಿನ ಕಂಬದ ಮೇಲೋ ಬಾನೆಟ್ ಒಳಗೋ ಇರುವ ಫಲಕದಲ್ಲಿ ಬಣ್ಣದ ಸಂಕೇತವಿರುತ್ತದೆ. ಬಿಳಿಯಲ್ಲೇ ಹಲವು ಬಿಳಿಗಳಿವೆ.

ಗೀರನ್ನು ತೊಳೆದು ಒಣಗಿಸಿದ ಮೇಲೆ, ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ಅಷ್ಟೇ ನೀರು ಬೆರೆಸಿ ಒಂದು ಬಟ್ಟೆಯಿಂದ ಸವರಿ, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಿಂದ ಎತ್ತಿ. ಒಂದೇ ಬಟ್ಟೆಯಿಂದ ಮಾಡಿದರೆ ಜಿಡ್ಡು ಅತ್ತಿಂದಿತ್ತ ಹರಡುತ್ತದೆ, ಹೋಗುವುದಿಲ್ಲ. ಗೀರಿನ ಅಂಚಿನಲ್ಲಿ ಸಡಿಲವಾಗಿ ನಿಂತ ಚಕ್ಕೆಗಳನ್ನು ಟೂತ್‌ಪಿಕ್‌ನಿಂದ ಎಬ್ಬಿಸಿ ತೆಗೆಯಿರಿ. ಚಕ್ಕೆಯ ಮೇಲೆ ಹಚ್ಚಿದ ಬಣ್ಣ ಚಕ್ಕೆಯೊಂದಿಗೇ ಬೀಳುತ್ತದೆ. 1500ರ ವಾಟರ್ ಪೇಪರ್ (ನೀರಿನಲ್ಲಿ ಅದ್ದಿ ಬಳಸಬಹುದಾದ ನಯವಾದ ಉಪ್ಪುಕಾಗದ) ಅನ್ನು ಚೂಪಾಗಿ ಮಡಚಿ ಗೀರಿನ ಒಳಗಷ್ಟೇ ಒಂದೆರಡು ಸಲ ಎಳೆದರೆ ಬಣ್ಣಕ್ಕೆ ಹಿಡಿತ ಸಿಗುತ್ತದೆ.

ಬಾಟಲಿಯನ್ನು ಎರಡು ನಿಮಿಷ ಕುಲುಕಿ. ಮೆಟಾಲಿಕ್ ಬಣ್ಣದಲ್ಲಿ ಲೋಹದ ಪುಡಿ ತಳಕ್ಕೆ ಕೂತಿರುತ್ತದೆ. ಕುಲುಕದೆ ಹಚ್ಚಿದರೆ ಬೇರೆಯೇ ಬಣ್ಣ. ಮೊದಲು ಒಂದು ತಗಡಿನ ಮುಚ್ಚಳದ ಮೇಲೆ ಹಚ್ಚಿ, ಪೂರ್ತಿ ಒಣಗಿಸಿ, ಕಾರಿನ ಪಕ್ಕ ಹಿಡಿದು ನೋಡಿ. ಒದ್ದೆ ಬಣ್ಣವನ್ನು ಹೋಲಿಸಿ ಪ್ರಯೋಜನವಿಲ್ಲ.

ಮುಚ್ಚಳದ ಕುಂಚವನ್ನು ಬದಿಗಿಡಿ, ಅದು ಗೀರಿಗಿಂತ ಹತ್ತು ಪಟ್ಟು ದಪ್ಪ. ಟೂತ್‌ಪಿಕ್‌ನ ತುದಿ ಅಥವಾ ಚಿತ್ರ ಬರೆಯುವ ಅತಿ ಸಣ್ಣ ಕುಂಚ ಸಾಕು. ತುದಿಯಲ್ಲಿ ನಿಂತ ಹನಿಯನ್ನು ಗೀರಿಗೆ ತಾಗಿಸಿದರೆ ಬಣ್ಣ ತಾನೇ ಆ ಕಾಲುವೆಯಲ್ಲಿ ಹರಿದುಹೋಗುತ್ತದೆ. ಅದನ್ನು ನೋಡುತ್ತಾ ಸುಮ್ಮನಿರಬೇಕು, ತಿದ್ದಬಾರದು. ಒಣಗಿದಾಗ ಬಣ್ಣ ಕುಗ್ಗುತ್ತದೆ, ಏಕೆಂದರೆ ಅದರಲ್ಲಿ ಬಹುಪಾಲು ಹಾರಿಹೋಗುವ ತಿನ್ನರ್. ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಇನ್ನೊಂದು ತೆಳು ಪದರ, ಹೀಗೆ ಮೂರು ಅಥವಾ ನಾಲ್ಕು. ಕೊನೆಗೆ ಕ್ಲಿಯರ್ ಕೋಟ್, ಸುತ್ತಲಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲೆ ನಿಲ್ಲುವಂತೆ.

ಈಗ ಕಾಯುವ ಕೆಲಸ. ಬೆರಳಿಗೆ ಅಂಟುವುದಿಲ್ಲ ಎಂದಮಾತ್ರಕ್ಕೆ ಒಳಗೆ ಗಟ್ಟಿಯಾಗಿದೆ ಎಂದರ್ಥವಲ್ಲ. ಬೇಸಿಗೆಯಲ್ಲಿ ಕನಿಷ್ಠ ಒಂದು ವಾರ, ತಂಪು ದಿನಗಳಲ್ಲಿ ಎರಡು ವಾರ ಬಿಟ್ಟು, 2000ರ ವಾಟರ್ ಪೇಪರ್ ಅನ್ನು ಪೆನ್ಸಿಲ್ ಅಳಿಸುವ ರಬ್ಬರಿನ ತುಂಡಿಗೆ ಸುತ್ತಿ, ಸೋಪುನೀರಿನಲ್ಲಿ ಅದ್ದಿ, ಉಬ್ಬಿದ ಭಾಗವನ್ನು ಮಾತ್ರ ತೀಡಿ. ಇಳಿಯುವ ನೀರನ್ನು ಗಮನಿಸಿ. ಹಾಲುನೀರಿನಂತಿದ್ದರೆ ನೀವು ಕ್ಲಿಯರ್ ಕೋಟಿನಲ್ಲಿದ್ದೀರಿ. ಬಣ್ಣದ ನೀರು ಬಂದರೆ ಅಲ್ಲಿಗೇ ನಿಲ್ಲಿಸಿ. ಆಮೇಲೆ ಕಾಂಪೌಂಡ್, ಪಾಲಿಶ್. ವ್ಯಾಕ್ಸ್ ಒಂದು ತಿಂಗಳು ಬೇಡ. ಉಳಿದ ತಿನ್ನರ್ ಹೊರಬರಲು ದಾರಿ ಇರಬೇಕು.

ಮೆಟಾಲಿಕ್ ಬಣ್ಣದವರಿಗೆ ಒಂದು ಮಾತು. ಕಾರ್ಖಾನೆಯಲ್ಲಿ ಸಿಂಪಡಿಸಿದಾಗ ಲೋಹದ ಪುಡಿ ಒಂದು ರೀತಿ ಮಲಗುತ್ತದೆ, ಕುಂಚದಲ್ಲಿ ಹಚ್ಚಿದಾಗ ಇನ್ನೊಂದು ರೀತಿ. ಸಂಕೇತ ಸರಿಯಿದ್ದರೂ ಕೆಲವು ಕೋನಗಳಿಂದ ಕಪ್ಪಾಗಿ ಕಾಣುತ್ತದೆ. ನಾಲ್ಕು ಅಡಿ ದೂರದಿಂದ ಗೀರು ಕಾಣದಿದ್ದರೆ ಕೆಲಸ ಚೆನ್ನಾಗಿ ಆಗಿದೆ ಎಂದೇ ತಿಳಿಯಿರಿ.

ಲೋಹ ಕಾಣುತ್ತಿದೆ, ಅಥವಾ ಕಂದು ಗೆರೆ ಮೂಡಿದೆ

ಕರಾವಳಿಯಲ್ಲಾಗಲಿ ಮಲೆನಾಡಿನ ಮಳೆಯಲ್ಲಾಗಲಿ ಬಯಲಾದ ತಗಡಿಗೆ ಒಂದೇ ರಾತ್ರಿಯಲ್ಲಿ ಕಂದು ಪೊರೆ ಬರಬಹುದು. ಬಣ್ಣ ತರಲು ಸಮಯವಿಲ್ಲದಿದ್ದರೆ ಒರೆಸಿ ಒಣಗಿಸಿ ಸ್ವಚ್ಛ ಟೇಪಿನ ತುಂಡೊಂದನ್ನು ಅಂಟಿಸಿ, ಎರಡು ದಿನಕ್ಕಷ್ಟೇ.

ತುಕ್ಕು ಮೇಲ್ಮೈಯಲ್ಲೇ ಇದ್ದರೆ ಲೋಹ ಹೊಳೆಯುವವರೆಗೆ ಉಪ್ಪುಕಾಗದದಿಂದ ಕೆರೆಯಿರಿ. ಸಣ್ಣ ಕಪ್ಪು ಕುಳಿಗಳು ಉಳಿದರೆ ತುಕ್ಕು ಪರಿವರ್ತಕ ದ್ರಾವಣ ಹಚ್ಚಿ. ಅದರಲ್ಲಿ ಸಾಮಾನ್ಯವಾಗಿ ಫಾಸ್ಫಾರಿಕ್ ಅಥವಾ ಟ್ಯಾನಿಕ್ ಆಮ್ಲವಿರುವುದರಿಂದ ಕೈಗವಸು ಮತ್ತು ಕನ್ನಡಕ ಇರಲೇಬೇಕು. ಡಬ್ಬಿಯಲ್ಲಿ ಹೇಳಿದಷ್ಟು ಹೊತ್ತು ಬಿಟ್ಟು, ಆಮೇಲೆ ತಡಮಾಡದೆ ಪ್ರೈಮರ್ ಹಚ್ಚಿ. ಎಪಾಕ್ಸಿ ಪ್ರೈಮರ್ ಸಿಕ್ಕರೆ ಅದೇ ಉತ್ತಮ, ನೀರನ್ನು ಅದು ಚೆನ್ನಾಗಿ ತಡೆಯುತ್ತದೆ. ಸಾಮಾನ್ಯ ಬೂದು ಪ್ರೈಮರ್ ನೀರು ಹೀರುತ್ತದೆ. 'ಪ್ರೈಮರ್ ಹಾಕಿ ಬಿಟ್ಟಿದ್ದೇನೆ, ಮಳೆಗಾಲ ಮುಗಿದ ಮೇಲೆ ಬಣ್ಣ' ಎನ್ನುವವರ ತಗಡು ಅದರಡಿಯಲ್ಲೇ ತುಕ್ಕು ಹಿಡಿಯುತ್ತಿರುತ್ತದೆ.

ಗುಳ್ಳೆಗಳನ್ನು ಗೀರಿನ ಲೆಕ್ಕಕ್ಕೆ ಸೇರಿಸಬೇಡಿ. ಬಾಗಿಲಿನ ಕೆಳ ಅಂಚಿನಲ್ಲಿ, ಚಕ್ರದ ಕಮಾನಿನಲ್ಲಿ ಬಣ್ಣ ಉಬ್ಬಿದ್ದರೆ ತುಕ್ಕು ಒಳಗಿನಿಂದ ಹೊರಗೆ ಬಂದಿದೆ. ಬಾಗಿಲಿನ ತಳದಲ್ಲಿ ನೀರು ಇಳಿದುಹೋಗಲು ಸಣ್ಣ ರಂಧ್ರಗಳಿರುತ್ತವೆ. ಎಲೆಪುಡಿ, ಕೆಸರು ತುಂಬಿ ಅವು ಮುಚ್ಚಿದಾಗ ನೀರು ಒಳಗೇ ನಿಲ್ಲುತ್ತದೆ. ಮೆತ್ತನೆಯ ಪ್ಲಾಸ್ಟಿಕ್ ಕಡ್ಡಿಯಿಂದ ಅವನ್ನು ಬಿಡಿಸಿ. ಗುಳ್ಳೆಯನ್ನು ಸ್ಕ್ರೂಡ್ರೈವರ್‌ನ ತುದಿಯಿಂದ ಮೆಲ್ಲಗೆ ಒತ್ತಿ ನೋಡಿ. ತಗಡು ಮೆತ್ತಗಿದ್ದರೆ ಅಥವಾ ತೂತಾದರೆ ಮನೆಯ ಕೆಲಸ ಮುಗಿಯಿತು, ಅದಕ್ಕೆ ಟಿಂಕರಿಂಗ್ ಮತ್ತು ವೆಲ್ಡಿಂಗ್ ಬೇಕು.

ಹಚ್ಚಿದ ಬಣ್ಣ ಹಾಲಿನಂತೆ ಬೆಳ್ಳಗಾಯಿತು

ಒಂದು ಜುಲೈನಲ್ಲಿ, ಮಳೆ ಬಿಟ್ಟ ಎರಡು ಗಂಟೆಯ ಬಿಡುವು ನೋಡಿಕೊಂಡು, ಎಡ ಬಾಗಿಲಿನ ಗೀರಿಗೆ ಕಡುನೀಲಿ ಹಚ್ಚಿದೆ. ಹಚ್ಚಿದಾಗ ಬಣ್ಣ ಸರಿಯಾಗಿಯೇ ಇತ್ತು. ಐದು ನಿಮಿಷದಲ್ಲಿ ಅದರ ಅಂಚಿನಿಂದ ಒಂದು ಮಬ್ಬು ಹೊರಟು ಮಧ್ಯದವರೆಗೆ ಹಬ್ಬಿತು. ಆರಿದ ಗಂಜಿಯ ಮೇಲೆ ಕೆನೆ ಕಟ್ಟುವ ಹಾಗೆ, ನೀಲಿಯ ಮೇಲೆ ಬೂದಿಬಣ್ಣದ ಪೊರೆ. ಒರೆಸಿದರೆ ಹೋಗಲಿಲ್ಲ, ಪೊರೆ ಬಣ್ಣದ ಒಳಗೇ ಇತ್ತು. ಪೇಂಟಿಂಗ್ ಶೆಡ್ಡಿನ ಹಿರಿಯರೊಬ್ಬರಿಗೆ ತೋರಿಸಿದಾಗ ಅವರು ಬಾಗಿಲನ್ನು ಮುಟ್ಟಲೂ ಇಲ್ಲ, ಆಕಾಶ ನೋಡಿದರು. "ತಿನ್ನರ್ ಹಾರುವಾಗ ತಗಡನ್ನು ತಣ್ಣಗೆ ಮಾಡುತ್ತದೆ ಮಾರಾಯರೇ. ತಣ್ಣಗಾದ ಕಡೆ ಗಾಳಿಯ ನೀರು ಬಂದು ಕೂರುತ್ತದೆ. ನೀವು ಬಣ್ಣದ ಜೊತೆಗೆ ನೀರನ್ನೂ ಹಚ್ಚಿದ್ದೀರಿ."

ಅವರ ಮಾತು ಅಕ್ಷರಶಃ ನಿಜ. ಗಾಳಿಯ ತೇವ ಶೇಕಡಾ 85 ದಾಟಿದ ದಿನ ಬಣ್ಣದ ಕೆಲಸ ಮಾಡಬಾರದು. ನಮ್ಮ ಕರಾವಳಿಯ ಜುಲೈ ತಿಂಗಳಲ್ಲಿ ಬಹುತೇಕ ದಿನಗಳು ಹಾಗೇ ಇರುತ್ತವೆ. ಅಗ್ಗದ, ಬೇಗ ಹಾರುವ ತಿನ್ನರ್ ಬೆರೆಸಿದ್ದರೆ ಇದು ಇನ್ನೂ ಬೇಗ ಆಗುತ್ತದೆ. ಆ ಹಿರಿಯರ ಸಲಹೆಯಂತೆ ಒಣ ಬಿಸಿಲಿನ ದಿನಕ್ಕೆ ಕಾದು, ನಿಧಾನವಾಗಿ ಹಾರುವ ತಿನ್ನರ್‌ನ ಒಂದು ಹನಿ ತಾಗಿಸಿದಾಗ ಪೊರೆಯ ಅರ್ಧ ಕರಗಿತು. ಉಳಿದರ್ಧವನ್ನು ತೆಗೆದು, ಮಳೆಗಾಲ ಕಳೆದ ಮೇಲೆ, ಬೆಳಿಗ್ಗೆ ಹನ್ನೊಂದರ ನಂತರ ಹೊಸದಾಗಿ ಹಚ್ಚಿದೆ. ಆ ಟಚ್‌ಅಪ್ ಇಂದಿಗೂ ನಿಂತಿದೆ.

ಬಣ್ಣ ಹಿಂಜರಿದು ಸಣ್ಣ ಕುಳಿಗಳಾಗುತ್ತಿವೆ

ಹನಿ ತಾಗಿಸಿದೊಡನೆ ಬಣ್ಣ ಹರಡದೆ, ಕಮಲದ ಎಲೆಯ ಮೇಲಿನ ನೀರಿನಂತೆ ಸರಿದು, ನಡುವೆ ಮೀನಿನ ಕಣ್ಣಿನಂಥ ಕುಳಿಗಳು ಉಳಿಯುತ್ತವೆ. ಮುಖ್ಯ ಕಾರಣ ಸಿಲಿಕೋನ್. ಡ್ಯಾಶ್‌ಬೋರ್ಡ್‌ಗೆ ಸಿಂಪಡಿಸುವ ಪಾಲಿಶ್, ಟೈರಿನ ಹೊಳಪು, ವ್ಯಾಕ್ಸ್ ಇವುಗಳಲ್ಲಿ ಅದಿರುತ್ತದೆ. ಗಾಳಿಯಲ್ಲಿ ತೇಲಿ ಬಂದು ಕೂರಲು ಒಂದು ಸಿಂಪಡಿಕೆ ಸಾಕು. ಮೇಲೆ ಇನ್ನೊಂದು ಪದರ ಹಚ್ಚಿ ಮುಚ್ಚಲು ಹೋಗಬೇಡಿ, ಕುಳಿ ಅಲ್ಲೇ ಮರಳಿ ಬರುತ್ತದೆ. ಹಸಿ ಇರುವಾಗಲೇ ಒರೆಸಿ ತೆಗೆದು, ಆಲ್ಕೋಹಾಲಿನ ಎರಡು ಬಟ್ಟೆಯ ಶುದ್ಧಿಯನ್ನು ಹೊಸ ಬಟ್ಟೆಗಳಿಂದ ಮತ್ತೆ ಮಾಡಿ.

ಸುತ್ತಲಿನ ಹಳೆಯ ಬಣ್ಣ ಸುಕ್ಕುಗಟ್ಟಿತು

ನೀವು ಹಚ್ಚಿದ ಬಣ್ಣದ ತಿನ್ನರ್ ಕೆಳಗಿನದನ್ನು ಮೆತ್ತಗೆ ಮಾಡಿದೆ. ಕಾರ್ಖಾನೆಯ ಒಲೆಯಲ್ಲಿ ಬೆಂದ ಬಣ್ಣ ಹೀಗೆ ಸುಲಭವಾಗಿ ಕರಗುವುದಿಲ್ಲ, ಆದ್ದರಿಂದ ಆ ಭಾಗಕ್ಕೆ ಹಿಂದೆ ಯಾರೋ ಅಗ್ಗದ ಬಣ್ಣ ಹೊಡೆದಿರುವ ಸಾಧ್ಯತೆ ಹೆಚ್ಚು. ಹಳೆಯ ಕಾರು ಕೊಂಡವರು ಮೊದಲೇ ಪರೀಕ್ಷಿಸಬಹುದು: ಆ ಭಾಗದ ಕಣ್ಣಿಗೆ ಬೀಳದ ಮೂಲೆಯಲ್ಲಿ, ತಿನ್ನರ್ ತಾಗಿಸಿದ ಹತ್ತಿಯನ್ನು ಒಮ್ಮೆ ಒತ್ತಿ ತೆಗೆಯಿರಿ. ಹತ್ತಿಗೆ ಬಣ್ಣ ಹತ್ತಿದರೆ ಮನೆಯ ಟಚ್‌ಅಪ್ ಅಲ್ಲಿ ನಿಲ್ಲುವುದಿಲ್ಲ.

ತಿಂಗಳುಗಳ ನಂತರ ಸಿಪ್ಪೆಯಾಗಿ ಎದ್ದಿತು

ಎದ್ದ ಸಿಪ್ಪೆಯನ್ನು ಎಸೆಯಬೇಡಿ, ಮಗುಚಿ ನೋಡಿ. ತಳ ನುಣುಪಾಗಿ ಹೊಳೆಯುತ್ತಿದ್ದರೆ ಜಿಡ್ಡಿನ ಮೇಲೋ ಕೆರೆಯದ ಮೇಲ್ಮೈಯ ಮೇಲೋ ಹಚ್ಚಿದ್ದೀರಿ. ತಳದಲ್ಲಿ ಕಂದು ಪುಡಿ ಇದ್ದರೆ ತುಕ್ಕು ಪೂರ್ತಿ ಹೋಗಿರಲಿಲ್ಲ. ಪ್ರೈಮರ್ ಕೂಡ ಅದರೊಂದಿಗೇ ಎದ್ದು ಬಂದಿದ್ದರೆ ಬರಿಯ ಲೋಹಕ್ಕೆ ಅದು ಹಿಡಿದೇ ಇಲ್ಲ. ನೆಯಿಲ್ ಪಾಲಿಶ್ ಹಚ್ಚಿದ್ದರೆ ಹೆಚ್ಚು ಹುಡುಕಬೇಕಿಲ್ಲ. ಬಿಸಿಲು, ಮಳೆಗೆಂದು ಮಾಡಿದ ವಸ್ತುವಲ್ಲ ಅದು. ಸಿಪ್ಪೆ ಎದ್ದದ್ದು ನೀರಿನ ಒತ್ತಡಕ್ಕಾದರೆ, ಸರ್ವಿಸ್ ಸೆಂಟರಿನಲ್ಲಿ ಪ್ರೆಶರ್ ವಾಷರ್‌ನ ಮೂತಿಯನ್ನು ಆ ಜಾಗದಿಂದ ದೂರ ಹಿಡಿಯಲು ಹೇಳಬೇಕು.

ಬಂಪರ್ ಮೇಲಿನ ಗೀರು

ಬಂಪರ್ ಪ್ಲಾಸ್ಟಿಕ್, ತುಕ್ಕು ಹಿಡಿಯುವುದಿಲ್ಲ. ಅವಸರವಿಲ್ಲ. ಆದರೆ ಪ್ಲಾಸ್ಟಿಕ್ ಬಯಲಾಗಿದ್ದರೆ ಮೊದಲು ಪ್ಲಾಸ್ಟಿಕ್‌ಗೆಂದೇ ಇರುವ ಪ್ರೈಮರ್ ಬೇಕು, ಸಾಮಾನ್ಯ ಪ್ರೈಮರ್ ಅಲ್ಲಿ ಹಿಡಿಯುವುದಿಲ್ಲ. ಬಂಪರ್ ಹಿಂದೆ ರಾಡಾರ್ ಇರುವ ಹೊಸ ಕಾರುಗಳಲ್ಲಿ ಅದರ ಎದುರು ಪುಟ್ಟಿ ಹಚ್ಚುವುದು, ದಪ್ಪವಾಗಿ ಬಣ್ಣ ಹೊಡೆಯುವುದು ಬೇಡ; ತಯಾರಕರ ಸೂಚನೆ ನೋಡಿಯೇ ಮುಂದುವರಿಯಬೇಕು.

ಕೈಬಿಟ್ಟು ಪೇಂಟರ್ ಬಳಿ ಹೋಗಬೇಕಾದಾಗ

ಬಾನೆಟ್ ಅಥವಾ ಮೇಲ್ಛಾವಣಿಯಲ್ಲಿ ಕ್ಲಿಯರ್ ಕೋಟ್ ಹಾವಿನ ಪೊರೆಯಂತೆ ಸುಲಿಯುತ್ತಿದ್ದರೆ ಯಾವ ಪಾಲಿಶ್, ಯಾವ ಟಚ್‌ಅಪ್ ಕೂಡ ಅದನ್ನು ನಿಲ್ಲಿಸುವುದಿಲ್ಲ. ಬಿಸಿಲು ಆ ಪದರದ ಹಿಡಿತವನ್ನೇ ಬಿಡಿಸಿದೆ. ಆ ಭಾಗವನ್ನು ಕೆರೆದು ಹೊಸದಾಗಿ ಹೊಡೆಯಬೇಕು. ಗೀರು ಬೆಂಕಿಕಡ್ಡಿಗಿಂತ ಅಗಲವಾಗಿದ್ದರೆ, ತಗಡು ಮಡಚಿದ್ದರೆ, ಮುತ್ತಿನ ಹೊಳಪಿನ ಮೂರು ಪದರದ ಬಿಳಿಯಾಗಿದ್ದರೆ ಕೂಡ ಹಾಗೆಯೇ. ಸೆರಾಮಿಕ್ ಕೋಟಿಂಗ್ ಅಥವಾ ರಕ್ಷಣಾ ಫಿಲ್ಮ್ ಇರುವ ಕಾರನ್ನು ತೀಡುವ ಮೊದಲು ಅದನ್ನು ಹಾಕಿದವರನ್ನೇ ಕೇಳಿ.

ಶೆಡ್ಡಿಗೆ ಬಿಟ್ಟಾಗ ಒಂದು ಮಾತನ್ನು ಮುಂಚೆಯೇ ಹೇಳಿಡಿ: ಪುಟ್ಟಿ ಹಚ್ಚುವ ಮೊದಲು ನನ್ನನ್ನು ಕರೆಯಿರಿ, ಇಲ್ಲವೇ ಫೋಟೋ ಕಳಿಸಿ. ಕೆರೆದ ತಗಡು ಬೆಳ್ಳಗೆ ಹೊಳೆಯುವುದನ್ನು ಕಣ್ಣಾರೆ ನೋಡಬೇಕು. ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದದ್ದು ಹೊರಗಿನಿಂದ ಒಂದು ವರ್ಷ ಗೊತ್ತೇ ಆಗುವುದಿಲ್ಲ.

ವಿಮೆಯ ಲೆಕ್ಕವನ್ನೂ ಹಾಕಿ. ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ ಶೇಕಡಾ 20ರಿಂದ ಶುರುವಾಗಿ ಐದು ವರ್ಷಕ್ಕೆ ಶೇಕಡಾ 50ರವರೆಗೆ ಏರುವ ನೋ ಕ್ಲೇಮ್ ಬೋನಸ್ (ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಒಂದು ಬಾಗಿಲಿನ ಗೀರಿಗೆ ಹೋಗಿಬಿಡುತ್ತದೆ. ಕ್ಲೇಮ್‌ನಲ್ಲಿ ಕಡ್ಡಾಯವಾಗಿ ನೀವೇ ಭರಿಸುವ ಪಾಲೂ ಇದೆ. ಒಂದೇ ಭಾಗದ ಬಣ್ಣಕ್ಕೆ ಶೆಡ್ಡಿನ ದರ ಕೇಳಿ, ಎರಡನ್ನೂ ಪಕ್ಕದಲ್ಲಿಟ್ಟು ನೋಡಿ.

ಮೈಮೇಲೆ ಎಚ್ಚರ

ತಿನ್ನರ್, ಬಣ್ಣ, ಟರ್ಪೆಂಟೈನ್ ಮೂರೂ ಹೊತ್ತಿಕೊಳ್ಳುತ್ತವೆ. ಮುಚ್ಚಿದ ಗ್ಯಾರೇಜಿನಲ್ಲಿ, ದೇವರ ದೀಪ ಅಥವಾ ಒಲೆಯ ಹತ್ತಿರ ಬಾಟಲಿ ತೆರೆಯಬೇಡಿ. ಹಳೆಯ ಬಣ್ಣವನ್ನು ನೀರು ಹಾಕಿಯೇ ತೀಡಿ. ಅದರಲ್ಲಿ ಸೀಸ ಇರಬಹುದು, ಒಣ ಧೂಳು ಶ್ವಾಸಕೋಶಕ್ಕೆ ಹೋಗಬಾರದು. ಗಟ್ಟಿಕಾರಕ ಬೆರೆಸುವ 'ಟೂ ಕೆ' ಕ್ಲಿಯರ್ ಕೋಟ್ ಸ್ಪ್ರೇ ಕ್ಯಾನ್‌ಗಳು ಈಗ ಸುಲಭವಾಗಿ ಸಿಗುತ್ತವೆ. ಅವು ಬಾಳಿಕೆ ಬರುತ್ತವೆ, ನಿಜ. ಆದರೆ ಅವುಗಳಲ್ಲಿರುವ ಐಸೊಸಯನೇಟ್ ಜೀವನಪೂರ್ತಿ ಕಾಡುವ ಆಸ್ತಮಾ ತರಬಲ್ಲದು. ಬಟ್ಟೆಯ ಮಾಸ್ಕ್, ಧೂಳಿನ ಮಾಸ್ಕ್ ಅದನ್ನು ತಡೆಯುವುದಿಲ್ಲ. ಆ ಕೆಲಸವನ್ನು ಹೊರಗಿನ ಗಾಳಿ ಪೂರೈಸುವ ಮಾಸ್ಕ್ ಇರುವ ಬೂತ್‌ಗೇ ಬಿಡಿ. ನಿಮ್ಮ ಪೇಂಟರ್ ಅದಿಲ್ಲದೆ ಹೊಡೆಯುತ್ತಿದ್ದರೆ ಅವರಿಗೂ ಹೇಳಿ.

ಹಚ್ಚಿದ್ದು ನಿಲ್ಲಬೇಕಾದರೆ

ಒಂದು ತಿಂಗಳ ಬಳಿಕ ವ್ಯಾಕ್ಸ್ ಹಚ್ಚಿ, ನಂತರ ಮೂರು ತಿಂಗಳಿಗೊಮ್ಮೆ. ಸಮುದ್ರದ ಹತ್ತಿರ ಇರುವವರು ಮಳೆ ಇಲ್ಲದ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಕಾರಿನ ತಳಕ್ಕೂ ಸಿಹಿನೀರು ಬಿಡಿ. ನಾನು ಪ್ರತಿ ವರ್ಷ ಮೇ ಎರಡನೆಯ ವಾರ ಕಾರನ್ನು ತೊಳೆದು, ಕೈಯಲ್ಲಿ ಟಾರ್ಚ್ ಹಿಡಿದು, ಬಾಗಿಲಿನ ಅಂಚು ಮತ್ತು ಬಾನೆಟ್‌ನ ಮುಂತುದಿಯಿಂದ ಶುರುಮಾಡಿ ಒಂದು ಸುತ್ತು ಬರುತ್ತೇನೆ. ಕಲ್ಲು ಸಿಡಿದ ಚುಕ್ಕೆಗಳೆಲ್ಲ ಅಲ್ಲೇ ಸಿಗುತ್ತವೆ. ಮಳೆ ಹಿಡಿಯಲು ಆಗ ಎರಡು ಮೂರು ವಾರ ಉಳಿದಿರುತ್ತದೆ, ಬಣ್ಣ ಗಟ್ಟಿಯಾಗಲು ಅಷ್ಟು ಸಾಕು. ಕೆಲಸ ಮುಗಿದ ಮೇಲೆ ಬಾಟಲಿಯ ಕತ್ತನ್ನು ಒರೆಸಿ ಬಿಗಿಯಾಗಿ ಮುಚ್ಚಿ, ಕೊಂಡ ತಿಂಗಳನ್ನು ಅದರ ಮೇಲೆ ಬರೆದು, ಬಿಸಿಲು ತಾಗದ ಕಡೆ ಇಡಿ. ಕಾರಿನೊಳಗೆ ಇಡಬೇಡಿ. ಮುಂದಿನ ಸಲ ಕುಲುಕಿದಾಗ, ಬಣ್ಣ ಕಲಕಲೆಂದು ಬಾಟಲಿಯೊಳಗೆ ಹಾಕಿರುವ ಗುಂಡು ಸದ್ದು ಮಾಡದಿದ್ದರೆ ತಳ ಗಟ್ಟಿಯಾಗಿದೆ ಎಂದರ್ಥ, ಆ ಬಾಟಲಿಯನ್ನು ಬಳಸಬೇಡಿ.